ತಂತಿ ಬಿಗಿದ ಬಾಯಿ

ಪ್ರಮಿಳಾ ಖಾನಾಪುರ–ನಂದಗಡ ಬಸ್ಸಿನ ಕಂಡಕ್ಟರ್. ದಿನವಿಡೀ ಮಾತೇ ಮಾತು. ಕನ್ನಡದಲ್ಲಿ ಜಗಳ ತೆಗೆದವರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ತೆಗೆದವರಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಸಂಜೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಬಾಡಿಗೆ ಕೋಣೆಗೆ ಬಂದರೆ ಮಾತಾಡಲು ಯಾರೂ ಇರಲಿಲ್ಲ. ಗಂಡನನ್ನು ಬಿಟ್ಟು ಬಂದವಳು. ಅಣ್ಣ ಫೋನು ಮಾಡುತ್ತಿದ್ದುದು ಹಬ್ಬಕ್ಕೆ ಮಾತ್ರ. ಅದೊಂದು ಕೊರತೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬ ಮುದುಕಿ ಎದೆ ಹಿಡಿದುಕೊಂಡು ಕುಸಿದಳು. ಜೊತೆಗೆ ಯಾರೂ ಇಲ್ಲ. ಖಾನಾಪುರದ ದವಾಖಾನೆಯವರು ಬೆಳಗಾವಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಹತ್ತಿಸುವಾಗ ಮುದುಕಿ ಪ್ರಮಿಳಾಳ ಖಾಕಿ ಅಂಗಿಯ ತೋಳು ಹಿಡಿದವಳು ಬಿಡಲೇ ಇಲ್ಲ.

"ಬರ್ತೀನಿ ಬಿಡವಾ, ನಾನೂ ಬರ್ತೀನಿ" ಎಂದು ಪ್ರಮಿಳಾ ತಾನೂ ಹತ್ತಿದಳು.

ಮಚ್ಛೆಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಅದನ್ನು ಉಳಿಸಲು ಹೋಗಿ ಗಾಡಿ ಲೈಟಿನ ಕಂಬಕ್ಕೆ ಬಡಿಯಿತು. ಮುದುಕಿಯನ್ನು ಪಟ್ಟಿ ಬಿಗಿದು ಮಲಗಿಸಿದ್ದರು, ಅವಳಿಗೆ ಏನೂ ಆಗಲಿಲ್ಲ. ಬಾಜೂ ಸೀಟಿನಲ್ಲಿ ಪಟ್ಟಿ ಇಲ್ಲದೆ ಕೂತಿದ್ದ ಪ್ರಮಿಳಾಳ ಮುಖ ಆಕ್ಸಿಜನ್ ಸಿಲಿಂಡರಿಗೆ ಬಡಿದು ಕೆಳದವಡೆ ಎರಡು ಕಡೆ ಮುರಿಯಿತು. ಮುದುಕಿಯ ಮಕ್ಕಳು ಒಮ್ಮೆ ಬೆಳಗಾವಿ ದವಾಖಾನೆಯ ವಾರ್ಡಿಗೆ ಬಂದು, ಕೈಮುಗಿದು, ಸೇಬುಹಣ್ಣು ಇಟ್ಟು ಹೋದರು. ಪ್ರಮಿಳಾಳಿಗೆ ಬಾಯಿ ತೆರೆಯಲು ಬರುವುದಿಲ್ಲ ಎಂಬುದು ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ.

ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರ್ ಪದ್ಮಶ್ರೀ ಅವಳ ಕೈಗೆ ಒಂದು ಸಣ್ಣ ಕಟರ್ ಕೊಟ್ಟರು.

"ಒಂದೂವರಿ ತಿಂಗಳ ಬರೇ ಗಂಜಿ, ಹಾಲು, ಸ್ಟ್ರಾದಾಗ ಕುಡೀಬೇಕ್ರಿ. ವಾಂತಿ ಬಂದ್ರ ಬಾಯಾಗ ಸಿಕ್ಕೊಂಡು ಉಸಿರ ಕಟ್ಟತೈತಿ. ಆವಾಗ ಈ ತಂತಿ ಕತ್ತರಿಸಬೇಕು. ಮನ್ಯಾಗಿನವ್ರಿಗೆ ತೋರಿಸಿಡ್ರಿ. ಯಾರರ ಅದಾರಲ್ರಿ?"

ಪ್ರಮಿಳಾ ಹೌದೆಂದು ತಲೆಯಾಡಿಸಿದಳು. ಇಲ್ಲವೆಂದರೆ ಮನೆಗೆ ಬಿಡುವುದಿಲ್ಲವೇನೋ ಎಂಬ ಭಯ.

ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತು, ತುಟಿ ಸರಿಸಿ, ಕಟರನ್ನು ತಂತಿಯ ಹತ್ತಿರ ತಂದು ನೋಡಿಕೊಂಡಳು. ಒಳಗಿನ ತಂತಿಗೆ ಅದು ಎಟುಕುತ್ತಿರಲಿಲ್ಲ. ಅನ್ನದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿದಳು. ಸುದ್ದಿ ತಿಳಿದ ಅಣ್ಣನ ಫೋನು ಬಂತು. ಇವಳು "ಹ್ಞೂಂ, ಹ್ಞೂಂ" ಎನ್ನುತ್ತಿದ್ದಂತೆ ಅವನು, "ಮಾತಾಡಾಕ ತ್ರಾಸ ಆಗತೈತಿ, ಬಿಡವಾ. ಆರಾಮ ಆದಮ್ಯಾಲ ಮಾಡ್ತೀನಿ" ಎಂದು ಇಟ್ಟ. ಆಮೇಲೆ ಮಾಡಲಿಲ್ಲ.

ಒಂದು ಮಧ್ಯಾಹ್ನ ಹಾಲು ಕುಡಿದ ಮೇಲೆ ಹೊಟ್ಟೆ ತೊಳಸಿತು. ಕಟರ್ ಹಿಡಿದು ಕೂತಳು. ವಾಂತಿಯನ್ನು ಹೇಗೋ ತಡೆದುಕೊಂಡಳು. ಸುಧಾರಿಸಿಕೊಂಡ ಮೇಲೆ ಎದ್ದು ಹೋಗಿ ಪಕ್ಕದ ಕೋಣೆಯ ಸಾತವ್ವನ ಬಾಗಿಲು ಬಡಿದಳು. ವರ್ಷಗಟ್ಟಲೆ ಬಾಜೂಕೆ ಇದ್ದರೂ ಇಬ್ಬರಿಗೂ ಮಾತಿನ ಬಳಕೆ ಇರಲಿಲ್ಲ.

"ಏನ ಬೇಕ ಪೋರಿ?"

ಪ್ರಮಿಳಾ ಹೊಟ್ಟೆ ಮುಟ್ಟಿ, ಗಂಟಲು ಮುಟ್ಟಿ, ತುಟಿ ಸರಿಸಿ ಕಟರ್ ತೋರಿಸಿದಳು. ಸಾತವ್ವ ಅವಳನ್ನು ಬೆಳಕಿಗೆ ಎಳೆದು ಬಾಯಿಯನ್ನು ಬಹಳ ಹೊತ್ತು ನೋಡಿದಳು.

"ಇದನ್ನ ನಾ ಕತ್ತರಸ್ಬೇಕ? ಸೂಜಿಗೆ ದಾರ ಪೋಣಿಸಾಕ ಕಣ್ಣ ಕಾಣೂದಿಲ್ಲ ನನಗ." ನಡುವಿನ ಗೋಡೆಗೆ ಕೈ ತೋರಿಸಿ ಹೇಳಿದಳು: "ಬಾಗಲಕ್ಕ ಚಿಲಕಾ ಹಾಕಬ್ಯಾಡ. ಹಂಗೇನರ ಆದ್ರ ಗ್ವಾಡಿ ಬಡಿ. ಕಣ್ಣ ಕಂಡರೂ ಬರ್ತೀನಿ, ಕಾಣಲಿಲ್ಲಂದರೂ ಬರ್ತೀನಿ."

ಅಂದಿನಿಂದ ಪ್ರಮಿಳಾ ಚಿಲಕ ಹಾಕದೆ ಮಲಗಿದಳು. ಗೋಡೆ ಬಡಿಯುವ ಪ್ರಸಂಗ ಬರಲಿಲ್ಲ. ಸಾತವ್ವ ತಾನಾಗಿ ಬರಲೂ ಇಲ್ಲ.

ತಂತಿ ಬಿಚ್ಚಿದ ಮೇಲೆ ಬಾಯಿ ಒಂದು ಬೆರಳಿನಷ್ಟೇ ತೆರೆಯಿತು. ಐಸ್‌ಕ್ರೀಮ್ ಕಡ್ಡಿಯಂಥ ಮರದ ಪಟ್ಟಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ತುರುಕಿ ಬಾಯಿ ಅಗಲಿಸುವ ವ್ಯಾಯಾಮ. ಕಣ್ಣಲ್ಲಿ ನೀರು ಬರುತ್ತಿತ್ತು. ಕೂಗುವ ಕೆಲಸ ಬೇಡವೆಂದು ಡಿಪೋದ ಗೇಟಿನಲ್ಲಿ ಕೂರಿಸಿದರು. ಅಲ್ಲಿ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಗೇಟಿನವಳೊಡನೆ ಯಾರಿಗೆ ಏನು ಮಾತು?

ತಪಾಸಣೆಗೆ ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಬೇಕಿತ್ತು. ಅಲ್ಲಿ ಪದ್ಮಶ್ರೀ ಪ್ರತಿ ಸಲ ಕೇಳುತ್ತಿದ್ದರು: "ಏನ ಉಂಡ್ರಿ?" ಉಪ್ಪಿಟ್ಟು ಎಷ್ಟು ಮೆತ್ತಗಿತ್ತು, ರೊಟ್ಟಿಯನ್ನು ಸಾರಿನಲ್ಲಿ ಎಷ್ಟು ಹೊತ್ತು ನೆನೆಸಿದೆ, ಯಾವ ಕಡೆಯ ಹಲ್ಲಿನಲ್ಲಿ ಅಗಿದೆ ಎಂದು ಪ್ರಮಿಳಾ ವಿವರವಾಗಿ ಹೇಳುತ್ತಿದ್ದಳು. ದಾರಿಯುದ್ದಕ್ಕೂ ಆ ಉತ್ತರವನ್ನೇ ಜೋಡಿಸಿಕೊಂಡು ಬರುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರ್ ಅಳತೆ ತೆಗೆದು ನಕ್ಕರು. "ಎರಡ ಬೆರಳ ದಾಟೈತ್ರಿ. ಇದಕ್ಕಿಂತ ಹೆಚ್ಚು ಆಗಾಕಿಲ್ಲ, ಆದ್ರ ಸಾಕು. ಇನ್ನ ಬರೂದ ಬ್ಯಾಡ್ರಿ."

ಪ್ರಮಿಳಾ ಏಳಲಿಲ್ಲ. "ಒಂದ ತಿಂಗಳ ಬಿಟ್ಟ ಬಂದು ತೋರಸ್ಲೇನ್ರಿ?"

"ಏನರ ತ್ರಾಸ ಐತೇನ್ರಿ?"

"ತ್ರಾಸ ಇಲ್ರಿ."

"ಮತ್ತ ಯಾಕ್ರಿ? ಆರಾಮ ಇರ್ರಿ" ಎಂದು ಪದ್ಮಶ್ರೀ ಅವಳ ಭುಜ ತಟ್ಟಿದರು. ಅಷ್ಟರಲ್ಲಿ ನರ್ಸ್ ಬೇರೆಯವರ ಹೆಸರು ಕೂಗಿದಳು.

ಪ್ರಮಿಳಾ ಕೆಳಗಿನ ಕ್ಯಾಂಟೀನಿಗೆ ಇಳಿದು ಒಂದು ಪ್ಲೇಟ್ ಇಡ್ಲಿ ತಗೊಂಡಳು. ತಿನ್ನುವಾಗ ತುಟಿಯಂಚಿನಿಂದ ಸ್ವಲ್ಪ ಚೆಲ್ಲುತ್ತಿದ್ದುದರಿಂದ ಗೋಡೆಯ ಕಡೆ ಮುಖ ಮಾಡಿ ಕೂತಳು. ಸುತ್ತ ಜನ ಗಲಗಲ ಮಾತಾಡುತ್ತಿದ್ದರು. ಖಾನಾಪುರದ ಗಾಡಿಗೆ ಇನ್ನೂ ಹೊತ್ತಿತ್ತು. ಅವಳು ಸಣ್ಣ ಸಣ್ಣ ತುತ್ತು ಮಾಡಿ, ಎಲ್ಲವನ್ನೂ ತಿಂದಳು.