ದೇವರಿಗಿಂತ ಮೊದಲು ತೆಗೆದಿಟ್ಟ ಹೋಳಿಗೆ

ಶನಿವಾರ ಬೆಳಗ್ಗೆ, ನಾನಿನ್ನೂ ಚಹಾ ಕುಡಿಯುತ್ತಿದ್ದಾಗಲೇ, ಅವ್ವ ನನ್ನಿಂದ ಮಾತು ತೆಗೆದುಕೊಂಡಳು.

"ನಾಳಿ ದೊಡ್ಡವ್ವನ ಮನಿಯಾಗ ಬಾಯಿ ತಗೀಬ್ಯಾಡ. ಉಣ್ಣಾಕಷ್ಟ ತಗಿ."

ಲಿಂಗಸುಗೂರಿನ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ತಯಾರಾಗಿ ತಯಾರಾಗಿ ನನಗೊಂದು ಚಾಳಿ ಅಂಟಿದೆ. ಮಾತಿಗೆ ನಿಂತರೆ ಬೆರಳು ಮಡಚುತ್ತೇನೆ. ಒಂದನೆಯದಾಗಿ, ಎರಡನೆಯದಾಗಿ. ಎದುರಿಗೆ ತೀರ್ಪುಗಾರರಿದ್ದಾರೋ ಸೋದರ ಸಂಬಂಧಿಗಳಿದ್ದಾರೋ ಎಂದು ಬೆರಳು ನೋಡುವುದಿಲ್ಲ. ಹೋದ ವರ್ಷ ಇದೇ ಬೆರಳುಗಳು ಮನೆ ಮುರಿದಿದ್ದವು.

ದೊಡ್ಡವ್ವ ಎಂದರೆ ಅವ್ವನ ಅಕ್ಕ, ಸಂತೆಕಲ್ಲೂರಿನಲ್ಲಿರುತ್ತಾಳೆ. ನಮ್ಮ ಮನೆಯಲ್ಲಿ ದೇವರ ಜಗಲಿ ಹೋಗಿ ಬುದ್ಧನ ಫೋಟೊ ಬಂದು ಬಹಳ ವರ್ಷವಾಯಿತು. ಅವಳ ಮನೆಯಲ್ಲಿ ಜಗಲಿ ಹಾಗೇ ಇದೆ. ಅಮಾವಾಸ್ಯೆ ಬಂದರೆ ಅಡುಗೆಯನ್ನು ಮೊದಲು ದೇವರ ಮುಂದೆ ಎಡೆ ಹಿಡಿದು, ಆಮೇಲೆ ಮಂದಿಗೆ ಬಡಿಸುತ್ತಾಳೆ. ಅಕ್ಕ ತಂಗಿಯರ ನಡುವೆ ಈ ಜಗಲಿ ಎಂದೂ ಅಡ್ಡ ಬಂದಿರಲಿಲ್ಲ, ನಾನು ಅಡ್ಡ ತರುವವರೆಗೆ. ಹೋದ ವರ್ಷ ಇದೇ ಅಮಾವಾಸ್ಯೆಯಂದು ತಟ್ಟೆ ಮುಂದಿಟ್ಟುಕೊಂಡು, "ಎಡಿ ಹಿಡಿದದ್ದು ನಾವು ಉಣ್ಣಂಗಿಲ್ಲ ದೊಡ್ಡವ್ವ. ಒಂದನೇದಾಗಿ, ದೇವ್ರು ಉಂಡಿದ್ರ ಹೋಳಿಗಿ ಕಡಿಮಿ ಆಗಬೇಕಿತ್ತು..." ಎಂದು ಶುರು ಮಾಡಿದ್ದೆ. ಐದೂ ಬೆರಳು ಮಡಚಿದ್ದೆ. ದೊಡ್ಡವ್ವ ಒಂದೇ ಮಾತು ಹೇಳಿದ್ದಳು. "ಹಂಗಾರ ನನ್ನ ಮನಿಯಾಗ ನಿಮಗ ಉಣ್ಣಾಕೇನೂ ಇಲ್ಲ." ಹಸಿದ ಹೊಟ್ಟೆಯಲ್ಲೇ ಬಂದಿದ್ದೆವು.

ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಒಮ್ಮೆ ಕಣ್ಣು ತೋರಿಸಲು ನಮ್ಮೂರು ಸಿಂಧನೂರಿಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಹಾಗೇ ತಿರುಗಿ ಹೋದದ್ದನ್ನು ಪಕ್ಕದ ಮನೆಯವರು ಕಂಡು ಬಂದು ಹೇಳಿದರು. ಅವ್ವ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು ಮತ್ತೆ ತೊಳೆಯಲು ಕೂತಳು.

ಈ ಸಲ ಭಾನುವಾರ ಅಮಾವಾಸ್ಯೆ, ಸೋಮವಾರ ಸರ್ಕಾರಿ ರಜೆ. ಅವ್ವನ ಲೆಕ್ಕ ಸರಳವಾಗಿತ್ತು. ಹೋಗುವುದು, ಎಡೆಯ ಊಟ ಉಣ್ಣುವುದು, ಅಕ್ಕನನ್ನು ಕರೆದುಕೊಂಡು ಬಂದು ಸೋಮವಾರ ಮನೆಯಲ್ಲಿಟ್ಟುಕೊಳ್ಳುವುದು. "ಉಂಡ್ರ ಬುದ್ಧ ಏನ್ ಸಿಟ್ಟಾಗಂಗಿಲ್ಲ" ಎಂದ ಅಪ್ಪ. ಅವನು ಗುಮಾಸ್ತ. ಕಚೇರಿಯಲ್ಲಿ ಆರು ದಿನ ತಲೆಯಾಡಿಸಿ, ಏಳನೆಯ ದಿನ ಮನೆಯಲ್ಲೂ ಆಡಿಸುತ್ತಾನೆ. ತತ್ವವನ್ನು ಹೀಗೆ ಬಿಟ್ಟುಕೊಡಬಹುದೇ ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಮಾಳಿಗೆ ಹತ್ತಿದೆ, ಇಳಿದೆ. ಫೋನು ನೋಡಿದೆ. ಕಾಲುವೆಯತನಕ ನಡೆದು, ನೀರು ಬಿಟ್ಟಿಲ್ಲವೆಂದು ನೋಡಿಕೊಂಡು ಬಂದೆ. ನೀರು ಬಿಡದೆ ಹದಿನೈದು ದಿನವಾಗಿದೆ ಎಂದು ನನಗೆ ಗೊತ್ತೇ ಇತ್ತು.

ಭಾನುವಾರ ಮಸ್ಕಿಯಲ್ಲಿ ಬಸ್ಸಿಳಿದು ಶೇರ್ ಆಟೊ ಹತ್ತಿದೆವು. ಭತ್ತದ ಹಸಿರು ಹಿಂದೆ ಸರಿದು ಕಪ್ಪು ಎರೆಹೊಲ ಶುರುವಾಯಿತು. ಆಟೊದಲ್ಲಿ ಅವ್ವ ನನ್ನ ಬಲಗೈ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಬಿಚ್ಚಿ ಹಿಡಿದಿದ್ದಳು, ಮಡಚಲು ಬಾರದ ಹಾಗೆ.

ದೊಡ್ಡವ್ವ ಬಾಗಿಲಲ್ಲೇ ಇದ್ದಳು. ನೀರು ಕೊಟ್ಟಳು. ಅಪ್ಪನಿಗೆ "ಬರ್ರಿ" ಎಂದಳು, ಅವ್ವನ ಸೀರೆ ನೋಡಿ "ಬಣ್ಣ ಚಲೋ ಐತಿ" ಎಂದಳು. ನನ್ನ ಕಡೆ ತಿರುಗಿ, "ವಕೀಲವ್ವ ಸೊರಗ್ಯಾಳ. ಹಾಸ್ಟೆಲ್ಲಿನ್ಯಾಗ ಮಾತಿಗೇನು ಊಟ ಹಾಕಂಗಿಲ್ಲೇನು?"

ನಾನು ನಕ್ಕೆ. ಬಾಯಿ ಮುಚ್ಚಿಕೊಂಡೇ ನಕ್ಕೆ.

ಊಟಕ್ಕೆ ಕೂತೆವು. ಜಗಲಿಯ ಮುಂದೆ ಎಡೆ ಇತ್ತು, ಊದುಬತ್ತಿ ಉರಿದು ಮುಗಿದಿತ್ತು. ದೊಡ್ಡವ್ವ ಒಲೆಯ ಹತ್ತಿರದ ದೊಡ್ಡ ಪಾತ್ರೆಗಳನ್ನು ಮುಟ್ಟಲಿಲ್ಲ. ಒಳಕೋಣೆಗೆ ಹೋಗಿ, ಬಟ್ಟೆ ಮುಚ್ಚಿದ ಒಂದು ಚಿಕ್ಕ ಬುಟ್ಟಿ, ಒಂದು ಸ್ಟೀಲಿನ ಡಬ್ಬಿ ತಂದು ನಮ್ಮ ಮುಂದಿಟ್ಟಳು. "ನೀವು ಇದ್ರಾಗಿಂದು ಉಣ್ರಿ."

ಅಪ್ಪ ಚಿಕ್ಕವನಿದ್ದಾಗ ಅವನೂರ ಚಹಾದಂಗಡಿಯ ಹೊರಗೆ ಅವನ ಕೇರಿಯವರಿಗೆಂದು ಗೂಟಕ್ಕೆ ಬೇರೆ ಲೋಟ ನೇತುಹಾಕಿರುತ್ತಿದ್ದರಂತೆ. ಅದನ್ನು ಅವನು ನನಗೆ ಒಂದೇ ಸಲ ಹೇಳಿದ್ದಾನೆ. ನಾನು ವೇದಿಕೆಗಳಲ್ಲಿ ಹತ್ತು ಸಲ ಹೇಳಿದ್ದೇನೆ. ಅದೇ ಲೋಟ ನಾಲಿಗೆಗೆ ಬಂತು.

"ನಮಗ ಬ್ಯಾರೆ ಪಾತ್ರಿ ಏನು ದೊಡ್ಡವ್ವ?"

ಅಪ್ಪನ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು. ಅವ್ವ ನನ್ನ ಮುಖ ನೋಡಲಿಲ್ಲ, ತನ್ನ ಅಕ್ಕನ ಮುಖ ನೋಡಿದಳು. ಹೇಳಬಾರದ್ದನ್ನು ಹೇಳಬಾರದವಳಿಗೆ ಹೇಳಿದೆನೆಂದು ಮಾತು ಮುಗಿಯುವ ಮೊದಲೇ ಗೊತ್ತಾಗಿತ್ತು. ಅಂಥ ಲೋಟದಲ್ಲಿ ಅವಳೂ ಕುಡಿದವಳೇ.

ದೊಡ್ಡವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

"ಹೋದ ವರ್ಸ ಏನಂದಿ ನೀ? ಎಡಿ ಹಿಡಿದದ್ದು ಉಣ್ಣಂಗಿಲ್ಲ ಅಂದಿ. ಅದಕ ಎಡಿ ಹಿಡಿಯಾಕ ಮೊದ್ಲ ನಿಮ್ದು ತಗದಿಟ್ಟೀನಿ. ನಸಿಕಿನ್ಯಾಗ ಎದ್ದು ಮೊದ್ಲ ಬೇಯಿಸಿದ ಹೋಳಿಗಿ ಅವು. ಈ ಮನಿಗೆ ಸೊಸಿಯಾಗಿ ಬಂದಾಗಿಂದ ದೇವ್ರಕಿಂತ ಮೊದ್ಲ ಯಾರಿಗೂ ತಗದಿಲ್ಲ ನಾ."

ಎದುರಾಳಿಯ ವಾದ ಕೇಳಿ ಮುಗಿಸುವ ಮೊದಲೇ ಖಂಡನೆಗೆ ಏಳಬಾರದು. ಇದನ್ನು ನನ್ನ ಕಿರಿಯರಿಗೆ ನಾನೇ ಹೇಳಿಕೊಟ್ಟಿದ್ದೇನೆ.

"ನಾವು ಎಡಿ ಊಟ ಉಣ್ಣಬೇಕಂತ ಬಂದೀವಿ ಅಕ್ಕ" ಎಂದಳು ಅವ್ವ, ಮೆಲ್ಲಗೆ.

"ಈಗ ಹೇಳಾಕತ್ತಿ. ಬರ್ತೀರೋ ಇಲ್ಲೋ ಗೊತ್ತಿಲ್ದನ ಎರಡೆರಡು ಅಡಿಗಿ ಮಾಡೀನಿ."

"ನೀನರ ಮೊದ್ಲ ಹೇಳಬೇಕಿಲ್ಲ?"

"ವರ್ಸಾತು ಫೋನ್ ಮಾಡಿಯೇನು ನೀ, ಹೇಳಾಕ?"

"ನೀ ಮಾಡಿಯೇನು?"

ಇಬ್ಬರೂ ಹೀಗೇ ಜಗ್ಗಾಡಿದರು. ಅವ್ವ ಎಡೆಯ ಹೋಳಿಗೆಯೇ ಬೇಕೆಂದಳು, ದೊಡ್ಡವ್ವ ಬುಟ್ಟಿಯದೇ ಉಣ್ಣಬೇಕೆಂದಳು. ಒಬ್ಬರ ಪಕ್ಷವನ್ನು ಇನ್ನೊಬ್ಬರು ಹಿಡಿದು ವಾದಿಸುವುದನ್ನು ನಮಗೆ ಅಭ್ಯಾಸಕ್ಕೆಂದು ಕಲಿಸುತ್ತಾರೆ. ಇವರಿಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಅಪ್ಪ ಎದ್ದು ಹೋಗಿ ದೊಡ್ಡ ಪಾತ್ರೆಯಿಂದ ಒಂದು ಹೋಳಿಗೆ ತಂದು, ಬುಟ್ಟಿಯ ಹೋಳಿಗೆಯ ಮೇಲಿಟ್ಟು, ಎರಡರ ಮೇಲೂ ತುಪ್ಪ ಹಾಕಿಕೊಂಡು ತಿನ್ನತೊಡಗಿದ. "ಇನ್ನೊಂದೀಟು ತುಪ್ಪ ಐತೇನ್ರಿ?" ಎಂದಷ್ಟೇ ಕೇಳಿದ.

ನಾನು ಬುಟ್ಟಿಯದನ್ನೇ ಉಂಡೆ. ಅದನ್ನು ಬಿಟ್ಟು ಏಳುವ ಧೈರ್ಯ ನನಗಿರಲಿಲ್ಲ. ತಪ್ಪಾಯಿತು ಎಂದು ಹೇಳಬೇಕೆಂದು ಕೂತೆ, ನಾಲ್ಕು ಹೋಳಿಗೆ ಮುಗಿದರೂ ಹೇಳಲಿಲ್ಲ.

ಹೊರಡುವಾಗ ಅವ್ವ ಕೇಳಿದಳು. "ನಮ್ಮ ಜೋಡಿ ಬಾ ಅಕ್ಕ. ನಾಳಿ ರಜಾ ಐತಿ. ಆಧಾರ್ ಕಾರ್ಡ್ ತಗೋ, ಬಸ್ಸು ಪುಕ್ಕಟ."

"ಕಾರ್ಡು ಟ್ರಂಕಿನ ತಳದಾಗೈತಿ. ಅದನ್ನ ಯಾರು ತಗೀಬೇಕು? ಮಸ್ಕಿ ತನಕ ಕಳಸಾಕ ಬರ್ತೀನಿ, ಅಷ್ಟ" ಎಂದು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಮಸ್ಕಿಯಲ್ಲಿ ನಿಂತೇ ಇದ್ದೆವು. ಒಂದು ಬಸ್ಸು ತುಂಬಿ ಹೋಯಿತು. ಅವ್ವ ಮತ್ತೆ ಕೇಳಲಿಲ್ಲ. ಕೇಳಿ ಇಲ್ಲ ಅನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಅವಳಿಗೆ ವಾಸಿ ಅನಿಸಿತ್ತೇನೋ. ನಾನು ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸುತ್ತಿದ್ದೆ. ಎರಡನೆಯ ಸಿಂಧನೂರು ಬಸ್ಸು ಬಂತು. ಅಪ್ಪ, ಅವ್ವ ಹತ್ತಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಾನು ತಿರುಗಿದೆ. ಕೊಟ್ಟ ಮಾತು ಎರಡನೆಯ ಸಲ ಮುರಿದೆ.

"ದೊಡ್ಡವ್ವ, ನಾ ಮಧ್ಯಾಹ್ನ ಅಂದದ್ದು ತಪ್ಪು. ಆದ್ರ ನಿನ್ನ ವಾದದಾಗೂ ಒಂದು ತಪ್ಪೈತಿ."

"ಯಾವ್ದು?"

"ನಮಗ ಮೊದ್ಲ ತಗದಿಟ್ಟಿ. ಅಂದ್ರ ನಿನ್ನ ದೇವ್ರು ನಮ್ಮಕಿಂತ ಹಿಂದ ಉಳಿದ."

ಕಂಡಕ್ಟರ್ ಸೀಟಿ ಊದಿದ. "ಹತ್ತವ್ರು ಹತ್ರಿ, ಇಳಿಯವ್ರು ಇಳೀರಿ."

"ತಡಿಯಪ್ಪ. ಈಕಿಗೆ ಉತ್ತರ ಕೊಡೂದೈತಿ" ಎನ್ನುತ್ತಾ ದೊಡ್ಡವ್ವ ನನ್ನನ್ನು ಒಳಗೆ ನೂಕಿಕೊಂಡೇ ಮೆಟ್ಟಿಲು ಹತ್ತಿದಳು. ಬಸ್ಸು ಹೊರಟಿತು. ಅವ್ವನ ಪಕ್ಕದಲ್ಲಿ ಕೂತು ಉಸಿರು ಸುಧಾರಿಸಿಕೊಂಡು ಹೇಳಿದಳು. "ದೇವ್ರು ನನ್ನ ಜೋಡಿ ಮೂವತ್ತು ವರ್ಸದಿಂದ ಅದಾನ. ಒಂದಿನ ತಡ ಆದ್ರ ಮನಿ ಬಿಟ್ಟು ಹೋಗಂಗಿಲ್ಲ. ನೀವು ಹೋಗಿದ್ರಿ."

ಇದಕ್ಕೆ ಉತ್ತರ ಹುಡುಕುತ್ತಿದ್ದೆ, ಅಷ್ಟರಲ್ಲಿ ಕಂಡಕ್ಟರ್ ಬಂದ. "ಕಾರ್ಡ್ ತೋರ್ಸ್ರಿ."

ದೊಡ್ಡವ್ವ ಸೊಂಟದ ಸಂಚಿ ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡ್ ತೆಗೆದು ಕೊಟ್ಟಳು.

ಅವ್ವ ಕಾರ್ಡು ನೋಡಿದಳು. "ಟ್ರಂಕಿನ ತಳದಾಗಿತ್ತಲ್ಲ ಅಕ್ಕ."

"ಆ ಕಿಟಕಿ ಸರಸು. ಸೆಕಿ ಆಗಾಕತ್ತೈತಿ" ಎಂದಳು ದೊಡ್ಡವ್ವ.

ಸಾಕ್ಷಿ ಕಣ್ಣೆದುರಿಗೇ ಇತ್ತು. ನನ್ನ ಹೆಬ್ಬೆರಳು ಮಡಚಲು ಹೋಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಸಿಂಧನೂರು ಬರುವವರೆಗೂ ಅದರ ಮೇಲೇ ಕೂತಿದ್ದೆ.