ಬೈಯದೆ ರಿಪೇರಿ ಮಾಡುವವರು

ಅವನಿಗೆ ಇವತ್ತಿಗೂ ಆರದ ಸಿಟ್ಟು ಒಂದಿದೆ. ವಾಷಿಂಗ್ ಮಷಿನ್ ಕೆಟ್ಟರೆ ಜನ ಮೊದಲು ಫೋನನ್ನು ಕೇಳುತ್ತಾರೆ, ಆಮೇಲೆ ಅವನ ಹತ್ತಿರ ಬರುತ್ತಾರೆ. ಬರಲಿ, ಬೇಡ ಎಂದವರಾರು? ಆದರೆ ಬಂದವರು ಸುಮ್ಮನೆ ಮಷಿನ್ ಇಳಿಸಿ ಹೋಗುವುದಿಲ್ಲ, ಅವನಿಗೇ ಪಾಠ ಶುರು ಮಾಡುತ್ತಾರೆ. "ಬೇರಿಂಗ್ ಹೋಗಿದೆ ಅಂತ ತೋರಿಸ್ತಿದೆ ನೋಡಿ," ಎಂದು ಫೋನನ್ನು ಅವನ ಮೂಗಿಗೆ ಹಿಡಿಯುತ್ತಾರೆ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಗುತ್ತದೆ.

"ಹೌದಾ? ಹಾಗಾದ್ರೆ ಅದರ ಕೈಲೇ ಬಿಚ್ಚಿಸಿ. ಸ್ಪ್ಯಾನರ್ ಬೇಕಾದ್ರೆ ನಾನು ಕೊಡ್ತೀನಿ!"

ಅವನು ಹೀಗೆ ಗುಡುಗಿದಾಗಲೆಲ್ಲ ಎದುರುಗಡೆಯ ಬೇಕರಿಯವನು ಗಾಜಿನ ಹಿಂದೆ ನಿಂತು ತನ್ನ ಗಿರಾಕಿಗೆ ಮೆಲ್ಲಗೆ ಹೇಳುತ್ತಾನೆ: "ಒಂದನೇ ಕೂಗು."

ಬೀದಿ ಅವನಿಗೆ ಇಟ್ಟ ಹೆಸರು ಕುಕ್ಕರ್. ಮೂರು ಕೂಗು ಕೂಗಿದರೆ ಆಯಿತು, ಇಳಿದುಬಿಡುತ್ತಾನೆ. ಆಮೇಲೆ ಮಷಿನ್ ಬಿಚ್ಚಿ ಮುಂದೆ ಕೂತನೆಂದರೆ ಪ್ರಪಂಚವೇ ಬೇಡ. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿ ಅದು. ಗೋಡೆಯ ತುಂಬ ನೇತುಹಾಕಿದ ರಬ್ಬರ್ ಬೆಲ್ಟುಗಳು, ಮೂಲೆಯಲ್ಲಿ ಹೊಟ್ಟೆ ಬಗೆದ ಡ್ರಮ್ಮುಗಳು, ಹಳೆಯ ಸೋಪು ಮತ್ತು ತುಕ್ಕು ಬೆರೆತ ವಾಸನೆ. ಬಾಗಿಲ ಪಕ್ಕದಲ್ಲಿ ಬೋರಲು ಹಾಕಿದ ಡ್ರಮ್ ಒಂದಿದೆ. ಅದರ ಮೇಲೆ ಗಿರಾಕಿ ಕೂರುವ ಹಾಗಿಲ್ಲ. ಕೂತರೆ ಏಳಿಸುತ್ತಾನೆ. ಅದು ಅವನ ಅಕ್ಕನ ಜಾಗ.

ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಹೆತ್ತಿರಲಿಲ್ಲ ಅಷ್ಟೇ. ಓದು ತಲೆಗೆ ಹತ್ತದೆ ಅವನು ಕೆಲಸ ಕಲಿಯಲು ಹೋದಾಗ, ದಿನಾ ಗ್ರೀಸು ಮೆತ್ತಿಕೊಂಡು ಬರುತ್ತಿದ್ದ ಅಂಗಿಗಳನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಅವಳ ಬೆರಳ ತುದಿ ಸುಲಿದಿತ್ತು. "ಎಲ್ಲಿ ಹೊರಳಾಡಿ ಬಂದ್ಯೋ?" ಎಂದು ಒಂದು ದಿನವೂ ಕೇಳಿದವಳಲ್ಲ. ಅವಳ ಮನೆ ಎರಡು ಬೀದಿ ಆಚೆ, ಮಹಡಿಯ ಮೇಲೆ. ಸಂಜೆಯಾದರೆ ಅಂಗಡಿಗೆ ಬಂದು ಆ ಡ್ರಮ್ಮಿನ ಮೇಲೆ ಕೂತು, ಅವನ ಬಾಯಿಗೆ ಸಿಕ್ಕ ಗಿರಾಕಿಗಳ ಕಡೆ ನೋಡಿ ಕಣ್ಣು ಮಿಟುಕಿಸಿ, ಕತ್ತಲಾಗುವ ಮೊದಲು ಎದ್ದು ಹೋಗುತ್ತಿದ್ದಳು.

ಈಗ ಬರುವುದು ನಿಂತು ಎಷ್ಟೋ ತಿಂಗಳಾಗಿದೆ.

ಕಾರಣ ಅವನಿಗೆ ಗೊತ್ತು, ಆದರೆ ಅದೊಂದು ಕಾರಣವೇ ಎನ್ನುವುದು ಅವನ ವಾದ. ಅಕ್ಕ ಒಂದೇ ಸಲಕ್ಕೆ ಎರಡು ಕಂಬಳಿ ತುರುಕಿ ಮಷಿನ್ ಹಾಕಿದ್ದಳು. ಅದು ಕುಣಿದು ಕುಣಿದು ಗೋಡೆಗೆ ಗುದ್ದಿ ಒಳಗಿನ ರಾಡು ಮುರಿದುಕೊಂಡಿತ್ತು. ರಿಪೇರಿಗೆ ಹೋದವನು ಅದನ್ನು ಕಂಡು ರೇಗಿಬಿಟ್ಟ. ಮನೆಯಲ್ಲಿ ಸೊಸೆ ಇದ್ದಳು, ಸೊಸೆಯ ತಾಯಿ ತಂದೆಯೂ ಬಂದಿದ್ದರು. "ನಿನಗೆ ಕೈಯಲ್ಲಿ ಒಗೆಯೋದೇ ಸರಿ ಅಕ್ಕ! ಈ ಮಷಿನ್ ಗಿಷಿನ್ ಎಲ್ಲ ನಿನ್ನಂಥೋರಿಗಲ್ಲ!" ಎಂದು ಬೀಗರ ಮುಂದೆಯೇ ಕೂಗಿದ. ಅಕ್ಕ ಟೀ ತಂದು ಮುಂದಿಟ್ಟಳು. ಅವನೂ ಕುಡಿದು, ರಾಡು ಬದಲಿಸಿ ಬಂದ. ಅವನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿದಿತ್ತು. 'ಮುನಿಸು ತಾನೇ, ಇಳಿದ ಮೇಲೆ ಬರ್ತಾಳೆ' ಎಂದುಕೊಂಡು ಡ್ರಮ್ಮಿನ ಧೂಳು ಮಾತ್ರ ದಿನಾ ಒರೆಸುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮಗಳು ಫೋನ್ ಹಿಡಿದು ಬಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅಪ್ಪನ ಅಂಗಡಿಯನ್ನು ಫೋನಿನ ನಕ್ಷೆಗೆ ಸೇರಿಸಿದವಳೂ ಅವಳೇ. ಜನ ಏನೇನು ಹುಡುಕಿ ಈ ಅಂಗಡಿಯನ್ನು ಕಂಡುಕೊಂಡರು ಎಂದು ತಿಂಗಳಿಗೊಮ್ಮೆ ಅದರಲ್ಲಿ ಬರುತ್ತದೆ. ಹುಡುಕಿದವರು ಯಾರು ಎಂದು ಹೇಳುವುದಿಲ್ಲ, ಹುಡುಕಿದ ಮಾತು ಮಾತ್ರ.

"ಓದ್ತೀನಿ, ಕೂಗಾಡಬಾರದು," ಎಂದಳು.

"ನಾನ್ಯಾಕೆ ಕೂಗಾಡ್ಲಿ!" ಎಂದು ಅವನು ಕೂಗಿದ.

ಅವಳು ಓದಿದಳು. 'ಹತ್ತಿರದ ವಾಷಿಂಗ್ ಮಷಿನ್ ರಿಪೇರಿ.' ಸರಿ. 'ಕುಕ್ಕರ್ ಮೆಕ್ಯಾನಿಕ್.' ಅವನ ಮೀಸೆ ಅದುರಿತು. 'ಮಷಿನ್ ಶಬ್ದಕ್ಕೆ ಮಗು ಏಳುತ್ತದೆ.' 'ಮಷಿನ್ ಒಳಗೆ ಉಂಗುರ ಬಿದ್ದರೆ ಸಿಗುತ್ತಾ.' 'ಹಾಸಿಗೆ ಒದ್ದೆ ಮಾಡುವ ಅಜ್ಜನ ಬಟ್ಟೆ ವಾಸನೆ ಹೋಗಲು.'

ಅವನು ಕೈಯಲ್ಲಿದ್ದ ಬೆಲ್ಟನ್ನು ಕೆಳಗಿಟ್ಟ. ಉಂಗುರದ ಹೆಂಗಸು ಯಾರೆಂದು ಅವನಿಗೆ ಥಟ್ಟನೆ ಹೊಳೆಯಿತು. ಹೋದ ವಾರ ಬಂದು, "ಅಣ್ಣ, ಸುಮ್ನೆ ಒಂದ್ಸಲ ಪೂರ್ತಿ ಬಿಚ್ಚಿ ನೋಡಿ," ಎಂದು ಗೋಗರೆದಿದ್ದಳು. "ಸುಮ್ನೆ ಬಿಚ್ಚೋಕೆ ಇದೇನು ಬಟಾಣಿ ಸಿಪ್ಪೇನಾ?" ಎಂದು ಇವನು ಅಟ್ಟಿದ್ದ.

"ಇದನ್ನೆಲ್ಲ ಫೋನಿಗೆ ಹೇಳ್ತಾರಲ್ಲ ಇವರು? ನನ್ನ ಹತ್ರ ಬಂದ್ರೆ ಬರೀ 'ತಿರುಗ್ತಿಲ್ಲ' ಅಂತಾರೆ. ಬಾಯಲ್ಲಿ ಏನು ಕಡುಬು ಇಟ್ಕೊಂಡಿರ್ತಾರಾ?"

"ಅದು ಬೈಯಲ್ಲ ಅಪ್ಪಾ," ಎಂದಳು ಮಗಳು. ಎಂದವಳು ಪರದೆ ನೋಡಿ ತುಟಿ ಕಚ್ಚಿದಳು.

"ಇನ್ನೇನಿದೆ? ಓದು."

"ಬೇಡ ಬಿಡಿ."

"ಓದು ಅಂದೆ!"

"'ಬೈಯದೆ ವಾಷಿಂಗ್ ಮಷಿನ್ ರಿಪೇರಿ ಮಾಡುವವರು.' ಹೋದ ತಿಂಗಳೂ ಇತ್ತು, ನಾನು ಓದಿರಲಿಲ್ಲ. ಈ ತಿಂಗಳು ಇನ್ನೂ ಜಾಸ್ತಿ ಹುಡುಕಿದ್ದಾರೆ."

ಬೈಯದವರನ್ನು ಹುಡುಕಿದರೆ ನನ್ನ ಅಂಗಡಿ ಯಾಕೆ ಬರಬೇಕು ಎಂದು ಅವನು ಕೇಳಿದ. ಮಗಳು ಬಿಡಿಸಿ ಹೇಳಿದಳು. ಗಿರಾಕಿಗಳು ಅಂಗಡಿಯ ಬಗ್ಗೆ ಬರೆದಿರುವುದೆಲ್ಲ ಅದೇ ಮಾತು: ಬೈತಾರೆ ಆದ್ರೆ ಕೆಲಸ ಪಕ್ಕಾ, ಬೈದು ಬೈದೇ ಸರಿ ಮಾಡಿಕೊಟ್ಟರು, ಬೈಸಿಕೊಂಡರೂ ಪರವಾಗಿಲ್ಲ. "ಬೈಗುಳಕ್ಕೂ ವಾಷಿಂಗ್ ಮಷಿನ್‌ಗೂ ನಂಟಿರೋ ಅಂಗಡಿ ಈ ಸುತ್ತಮುತ್ತ ನಮ್ಮದೊಂದೇ. ಅದು ಅಷ್ಟು ನೋಡಿ ತಂದು ಮುಂದಿಡುತ್ತೆ."

ಯಾರದು? ಆ ಒಂದು ಪ್ರಶ್ನೆ ಅವನ ತಲೆಯಲ್ಲಿ ಒದ್ದೆ ಕಂಬಳಿಯ ಹಾಗೆ ಗುದ್ದಾಡತೊಡಗಿತು. ಬೈದರೂ ಬರುವವರು ಬರುತ್ತಾರೆ, ಬಾರದವರು ಬೇರೆ ಕಡೆ ಹೋಗುತ್ತಾರೆ. ಆದರೆ ಮಷಿನ್ ಕೆಟ್ಟು, ತನ್ನ ಹತ್ತಿರ ಬರಲು ಅಂಜಿ, ತಿಂಗಳುಗಟ್ಟಲೆ ಒಂದೇ ಮಾತು ಹುಡುಕುತ್ತ ಕೂತಿರುವ ಜೀವ ಯಾವುದು? ಕಂಡುಹಿಡಿಯಲೇಬೇಕು. ಹಿಡಿದು ಕೇಳಬೇಕು, ನಾನೇನು ಹುಲಿಯಾ ಕರಡಿಯಾ ಎಂದು.

ಸೀದಾ ಬೇಕರಿಗೆ ನುಗ್ಗಿದ. "ಫೋನಲ್ಲಿ ಹುಡುಕಿದ್ದು ನೀನೇ ತಾನೇ? ನಿಜ ಹೇಳು!"

ಬೇಕರಿಯವನ ಮುಖ ಬಿಳಿಚಿತು. ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. "ಅಣ್ಣ, ನಿನಗೆ ಯಾರು ಹೇಳಿದ್ರು? ನನ್ನ ಹೆಂಡತಿಗೂ ಗೊತ್ತಿಲ್ಲ. ಕೂದಲು ನೆಡಿಸೋದು ನೋವಾಗುತ್ತಾ ಅಂತ ಒಂದು ಮಾತು ಕೇಳಿದೆ, ಅಷ್ಟೇ."

ಅವನ ಟೋಪಿ ದಿನವಿಡೀ ತಲೆಯ ಮೇಲೆಯೇ ಏಕಿರುತ್ತದೆ ಎಂದು ಕುಕ್ಕರ್‌ಗೆ ಅವತ್ತು ತಿಳಿಯಿತು.

ಮರುದಿನ ರಿಪೇರಿಯಾದ ಮಷಿನ್ ಒಯ್ಯಲು ಟೀಚರಮ್ಮ ಬಂದರು. ಇಡೀ ಶಾಲೆ ನಡುಗುವ ಹೆಂಗಸು. ಅವರನ್ನೂ ಬಿಡಲಿಲ್ಲ. "ಟೀಚರಮ್ಮ, ಫೋನಲ್ಲಿ ಅದೇನದು ಹುಡುಕಿದ್ದು ನೀವು?"

ಟೀಚರಮ್ಮ ಚೀಲದ ಹಿಡಿ ಬಿಗಿ ಹಿಡಿದರು. "ಏನ್ರೀ ಇದು, ನಿಮಗೆ ಹೇಗೆ... ಕ್ಲಾಸಿಗೆ ಹೋಗೋ ಮುಂಚೆ ಎದೆ ಹೊಡ್ಕೊಳ್ಳೋದು ಯಾರಿಗೂ ಆಗಲ್ವಾ? ಇಷ್ಟು ವರ್ಷ ಆದ ಮೇಲೂ ಆಗುತ್ತೆ. ಅದನ್ನೇ ಕೇಳಿದ್ದು. ಬೇರೆ ಯಾರಿಗೂ ಹೇಳಬೇಡಿ."

ಇದೊಳ್ಳೆ ಫಜೀತಿಯಾಯಿತು. ಒಂದನ್ನು ಕೇಳಿದರೆ ಇನ್ನೊಂದನ್ನು ಕಕ್ಕುತ್ತಾರೆ. ಹಾಲು ಹಾಕುವವನು ತನಗೆ ಓದಲು ಬರುವುದಿಲ್ಲವೆಂದು ಮಗನಿಗೆ ತಿಳಿಯದ ಹಾಗೆ ಅಕ್ಷರ ಕಲಿಯುವುದು ಹೇಗೆಂದು ಫೋನಿಗೆ ಬಾಯಲ್ಲೇ ಕೇಳಿದ್ದನಂತೆ. ವಾರ ಕಳೆಯುವುದರಲ್ಲಿ ಬೀದಿಯವರ ಗುಟ್ಟೆಲ್ಲ ಬಂದು ಕುಕ್ಕರ್‌ನ ಹೊಟ್ಟೆಯಲ್ಲಿ ಕೂತಿತು. ಎಲ್ಲರಿಗೂ ಏನೋ ಒಂದು ಅಂಜಿಕೆ, ಎಲ್ಲರೂ ಅದನ್ನು ತಲೆಬಗ್ಗಿಸಿ ಆ ಫೋನಿನ ಗಾಜಿಗೆ ಹೇಳಿಕೊಂಡಿದ್ದಾರೆ. ಯಾರ ಮೇಲೆ ರೇಗಬೇಕೆಂದೇ ತೋಚದೆ ಅವನು ಕಾಲಿಗೆ ಸಿಕ್ಕ ಹಳೆಯ ಮೋಟರನ್ನು ಒದ್ದ. ಕಾಲುಬೆರಳು ಊದಿಕೊಂಡಿತು. ಬೇಕಾದ ಮನುಷ್ಯ ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು ಅವನು ಹುಡುಕುವುದನ್ನು ಬಿಟ್ಟಾಗ. ಒಂದು ಮಧ್ಯಾಹ್ನ ಬೇರಿಂಗ್ ತರಲು ಹೊರಟು, ಹತ್ತಿರದ ದಾರಿ ಎಂದು ಅಕ್ಕನ ಬೀದಿಯಲ್ಲಿ ನಡೆದಿದ್ದ. ಮಹಡಿಯ ಕೆಳಗೆ ಬರುತ್ತಿದ್ದಂತೆ ಕತ್ತಿನ ಮೇಲೆ ತಣ್ಣನೆಯ ಹನಿ ಬಿತ್ತು. ಇನ್ನೊಂದು ಬೋಳು ನೆತ್ತಿಯ ಮೇಲೆ. "ಯಾವನ್ರೀ ಅದು ಮೇಲೆ!" ಎಂದು ಬಾಯಿ ತೆರೆದವನು ತಲೆ ಎತ್ತಿದ. ಬಾಯಿ ತೆರೆದೇ ಉಳಿಯಿತು.

ಅಕ್ಕನ ಮನೆಯ ತಂತಿ. ಬಟ್ಟೆಗಳಿಂದ ನೀರು ದಳದಳ ಸುರಿಯುತ್ತಿತ್ತು. ಮಷಿನ್‌ನಲ್ಲಿ ಹಿಂಡಿದ ಬಟ್ಟೆ ಹೀಗೆ ಸುರಿಯುವುದಿಲ್ಲ. ಅದು ವಯಸ್ಸಾದ ಕೈ ಹಿಂಡಿದ ಬಟ್ಟೆ, ಬಲ ಸಾಲದೆ ಅರ್ಧಕ್ಕೆ ಬಿಟ್ಟಿದ್ದು. ತಂತಿಯ ತುದಿಯಲ್ಲಿ ಕಂಬಳಿಯೂ ಇತ್ತು.

ತಾನು ಹುಡುಕುತ್ತಿದ್ದವರು ಯಾರೆಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

ಬೇರಿಂಗ್ ಅತ್ತ ಇರಲಿ ಎಂದು ಅಂಗಡಿಗೆ ಓಡಿ ಚೀಲ ಹೆಗಲಿಗೇರಿಸಿ ಬಂದ. ಮೆಟ್ಟಿಲು ಹತ್ತುವಾಗ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ: ಅಕ್ಕ, ಅವತ್ತು ಹಾಗೆ ಅನ್ನಬಾರದಿತ್ತು, ತಪ್ಪಾಯ್ತು. ಇಷ್ಟೇ. ಇದೇನು ಮಹಾ?

ಬಾಗಿಲು ತೆರೆದವಳನ್ನು ಕಂಡದ್ದೇ, "ಮಷಿನ್ ಕೆಟ್ಟಿದೆ ಅಂತ ಯಾಕೆ ಹೇಳಲಿಲ್ಲ ನೀನು?" ಎಂದು ಬಾಯಿ ತಾನಾಗಿ ಕಿರುಚಿತು.

"ಬಂದ್ಯಾ? ಬಾ, ಕೂತ್ಕೊಂಡು ಕೂಗು. ಮೆಟ್ಟಿಲು ಹತ್ತಿ ಸುಸ್ತಾಗಿರುತ್ತೆ," ಎಂದಳು ಅಕ್ಕ. ಕೈ ಸೆರಗಿನಲ್ಲಿ ಒರೆಸಿಕೊಂಡಳು. ಸೋಪಿನ ನೀರಿಗೆ ಬೆರಳುಗಳು ಸುಕ್ಕಿ ಬೆಳ್ಳಗಾಗಿದ್ದವು.

"ಫೋನಲ್ಲಿ ಹುಡುಕಿದೆಯಂತಲ್ಲ?"

"ಸೊಸೆ ಹೇಳಿಕೊಟ್ಟಳು, ಮೈಕ್ ಒತ್ತಿ ಮಾತಾಡಿದ್ರೆ ಸಾಕು ಅಂತ. ಬೈಯದೆ ರಿಪೇರಿ ಮಾಡೋರು ಯಾರಿದ್ದಾರೆ ಅಂತ ಕೇಳಿದೆ. ನಿನ್ನ ಅಂಗಡಿ ತೋರಿಸ್ತು. ಇದಕ್ಕೆ ಕಿವಿ ಕೇಳಲ್ಲ ಅಂತ ಮಾರನೇ ದಿನ ಕೇಳಿದೆ, ಮತ್ತೆ ನೀನೇ. ಗಟ್ಟಿಯಾಗಿ ಕೇಳಿದ್ರೂ ನೀನೇ. ಅದಕ್ಕೂ ನಿನ್ನ ಕಂಡ್ರೆ ಭಯ ಇರಬೇಕು ಕಣೋ."

ಅವಳು ನಕ್ಕಳು. ಅವನು ನಗಲಿಲ್ಲ. "ಹಾಗಾದ್ರೆ ನಾನೇ ಬರ್ತಿದ್ನಲ್ಲ ಅಕ್ಕ," ಎಂದ.

"ನೀನು ಬರ್ತೀಯ, ಗೊತ್ತು. ಬಂದ ಮೇಲಿಂದು ಕಷ್ಟ."

ಅವನು ಮಷಿನ್ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಹಲ್ಲು ಕಚ್ಚಿ ಒಂದೊಂದೇ ಸ್ಕ್ರೂ ತೆಗೆದ. ಅಕ್ಕ ಟೀ ತಂದಿಟ್ಟಳು. ನೀರು ಹೊರಹಾಕುವ ಪಂಪಿನ ಬಾಯಿ ಕಟ್ಟಿಕೊಂಡಿತ್ತು, ಅಷ್ಟೇ ರೋಗ. ಇಕ್ಕಳ ಹಾಕಿ ಎಳೆದರೆ ಒಂದು ಹೇರ್‌ಪಿನ್ ಬಂತು, ಹಿಂದೆಯೇ ಇನ್ನೊಂದು, ಜೊತೆಗೆ ಕೂದಲು ಸುತ್ತಿಕೊಂಡ ಗುಂಡಿ. ಅಂಗೈ ಮೇಲೆ ಅವುಗಳನ್ನು ಇಟ್ಟುಕೊಂಡ. ಈಗ ಹೇಳಬೇಕು. ಇದೇ ಹೊತ್ತು. ಅಕ್ಕ ಪಕ್ಕದಲ್ಲೇ ನಿಂತಿದ್ದಾಳೆ, ಮನೆಯಲ್ಲಿ ಮತ್ತಾರೂ ಇಲ್ಲ. ಮಾತು ಗಂಟಲವರೆಗೆ ಬಂತು.

"ಎಷ್ಟು ಸಲ ಹೇಳೋದು ಅಕ್ಕ! ಜೇಬು ನೋಡದೆ ಹಾಕ್ತಾರಾ ಯಾರಾದ್ರೂ? ಕಣ್ಣೇನು ಅಟ್ಟದ ಮೇಲಿಟ್ಟಿದ್ದೀಯಾ?"

ಅಂದವನೇ ಅಂಗೈಯನ್ನು ಮುಚ್ಚಿದ. ಹೇರ್‌ಪಿನ್ ಚುಚ್ಚಿತು.

"ಆಯ್ತಪ್ಪ," ಎಂದಳು ಅಕ್ಕ. "ಟೀ ಆರುತ್ತೆ, ಕುಡಿ."

ಅವತ್ತೂ ಕುಡಿದ. ಮಷಿನ್ ಜೋಡಿಸಿ, ಒಂದು ಸುತ್ತು ತಿರುಗಿಸಿ ತೋರಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ತಿರುಗಿತು. "ಸಂಜೆ ಅಂಗಡಿ ಕಡೆ ಬಾ," ಎಂದ ಬಾಗಿಲಲ್ಲಿ ನಿಂತು. "ನೋಡೋಣ," ಎಂದಳು. ಮೆಟ್ಟಿಲಿಳಿದು ಬೀದಿಗೆ ಬಂದವನು ತನ್ನ ಬಾಯಿಯ ಮೇಲೆ ತಾನೇ ಪಟ್ಟೆಂದು ಹೊಡೆದುಕೊಂಡ. ಎದುರು ಬರುತ್ತಿದ್ದ ಹಾಲಿನವನು ಬೆಚ್ಚಿ ಸೈಕಲ್ಲಿನಿಂದ ಇಳಿದ.

ಅವಳು ಅವತ್ತು ಸಂಜೆ ಬರಲಿಲ್ಲ. ಮರುದಿನವೂ ಇಲ್ಲ. ಆ ತಿಂಗಳು ಮಗಳು ಫೋನ್ ತೆರೆದು ನೋಡಿ, "ಅದು ಬಂದಿಲ್ಲ ಅಪ್ಪಾ, ಈ ಸಲ ಯಾರೂ ಹುಡುಕಿಲ್ಲ," ಎಂದು ಖುಷಿಯಿಂದ ಹೇಳಿದಳು. ಅವನಿಗೂ ಎದೆ ಹಗುರಾಯಿತು. ಮಷಿನ್ ಸರಿಯಾದ ಮೇಲೆ ಯಾಕೆ ಹುಡುಕುತ್ತಾಳೆ?

ಅದೇ ವಾರ ಬೇಕೆಂದೇ ಅಕ್ಕನ ಬೀದಿಯಲ್ಲಿ ನಡೆದ. ಒಣ ನೆಲ ಕಾಣುತ್ತೇನೆಂದು ದೂರದಿಂದಲೇ ಕತ್ತು ಚಾಚಿದ. ಮಹಡಿಯ ಕೆಳಗೆ ನೆಲ ಒದ್ದೆಯಾಗಿತ್ತು. ತಂತಿಯ ತುಂಬ ಬಟ್ಟೆ, ಬಟ್ಟೆಯ ತುಂಬ ನೀರು. ಕೆಳಗಿನ ಬಾಗಿಲಲ್ಲಿ ನಿಂತಿದ್ದ ಅಕ್ಕನ ಸೊಸೆ ಅವನನ್ನು ಕಂಡು ಪೆಚ್ಚಾಗಿ ನಕ್ಕಳು.

"ಮಷಿನ್ ಚೆನ್ನಾಗೇ ಇದೆ ಮಾವ. ಅತ್ತೆ ಮುಟ್ಟಲ್ಲ, ನನ್ನನ್ನೂ ಮುಟ್ಟಗೊಡಲ್ಲ. ಮತ್ತೆ ಕೆಟ್ಟರೆ ಅವನೇ ಬರಬೇಕಾಗುತ್ತೆ ಅಂತಾರೆ."

ಮೇಲೆ ಬಟ್ಟೆ ಹಿಂಡುವ ಸದ್ದು ಕೇಳುತ್ತಿತ್ತು. ಅವನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟ. ಮೇಲೆ ಹೋದರೆ ಬಾಯಿಂದ ಏನು ಬರುತ್ತದೆಂಬ ಭರವಸೆ ಅವನಿಗೇ ಇರಲಿಲ್ಲ. ಕಾಲು ಹಿಂದಕ್ಕೆ ತೆಗೆದ.

ಬೆರಳು ಸುಲಿಯುವ ಹಾಗೆ ಅವನ ಅಂಗಿಗಳನ್ನು ಒಗೆದವಳಿಗೆ ಅವನು ಕೊಡಬೇಕಾಗಿದ್ದುದು ಒಂದೇ ಮಾತು. ಅದಿನ್ನೂ ಅವನ ಬಳಿಯೇ ಉಳಿದಿದೆ. ಡ್ರಮ್ಮಿನ ಧೂಳನ್ನು ಮಾತ್ರ ದಿನಾ ಒರೆಸುತ್ತಾನೆ.