ಅತ್ತೆ ಕೂತರೆ ಓಡುವ ವ್ಯಾನು

ಹೊಲಿಗೆಯಮ್ಮನ ತೂಕದ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ. ಎತ್ತಿದವರ ಅಂಗಿ ಆಮೇಲೆ ಕಂಕುಳಲ್ಲಿ ಬಿಗಿಯಾಗುತ್ತಿತ್ತು. ಹರೆಯದಿಂದಲೂ ಬೀದಿಬದಿಯ ಕಿರುಕೋಣೆಯಲ್ಲಿ ಮಷೀನು ತುಳಿದವರು ಅವರು. ಪ್ರವಾಸ ಹೊರಟವರಿಗೆಲ್ಲ ಬಟ್ಟೆ ಹೊಲಿದುಕೊಟ್ಟು ತಾವು ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಮುದ್ರ ನೋಡುವ ಆಸೆ ಬೆಟ್ಟದಷ್ಟಿತ್ತು, ಬಾಯಿಬಿಟ್ಟು ಹೇಳಲು ಬಿಗುಮಾನ.

ಡ್ರಿಲ್ ಮಾಸ್ತರನಾದ ಅಳಿಯ ಒಂದು ದಿನ ಓಬೀರಾಯನ ಕಾಲದ ವ್ಯಾನೊಂದನ್ನು ತಂದ. ಹಾಸಿಗೆ, ಒಲೆ, ಸಿಂಕು ಎಲ್ಲ ಅದರೊಳಗೇ. ಗಂಡಹೆಂಡತಿ ಅದರಲ್ಲಿ ಸಮುದ್ರಕ್ಕೆ ಹೋಗುವುದೆಂದಾಯಿತು.

“ನಿಮಗ್ಯಾಕೆ ಅತ್ತೆ ಈ ಕುಲುಕಾಟ? ಸೊಂಟ ಹಿಡ್ಕೊಳ್ಳುತ್ತೆ” ಎಂದ. ಕಾಳಜಿಯಿಂದಲೇ ಹೇಳಿದ, ಅದಕ್ಕೇ ಹೊಲಿಗೆಯಮ್ಮನಿಗೆ ಇನ್ನಷ್ಟು ಸಿಟ್ಟು ಬಂತು.

ಆದರೆ ವ್ಯಾನು ಮೊಂಡು ಹಿಡಿಯಿತು. ಬೀದಿಯ ತಿರುವು ದಾಟುವುದರೊಳಗೆ ಕೆಮ್ಮಿ ನಿಲ್ಲುತ್ತಿತ್ತು. ಎಂಜಿನ್ನಿಗೆ ಎಷ್ಟು ಪೆಟ್ರೋಲು ಚಿಮ್ಮಿಸಬೇಕೆಂದು ಹೇಳಲು ಅದರಲ್ಲಿ ವಯರುಗಳ ಒಂದು ಡಬ್ಬಿಯಿದೆಯಂತೆ. ಅಳಿಯ ಅದರ ತಂಟೆಗೆ ಹೋಗದೆ ಫಿಲ್ಟರ್ ಬದಲಿಸಿದ, ಪಂಪು ಬದಲಿಸಿದ, ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದ. ಕೊನೆಗೆ ಸೀಟಿ ಊದಿ ಗದರಿಸಿಯೂ ನೋಡಿದ. ಮೆಕ್ಯಾನಿಕ್ ಬಂದು, “ವಯಸ್ಸಾಯ್ತು ಸಾರ್ ಇದಕ್ಕೆ” ಎಂದು ಹೇಳಿ ಜಾಗ ಖಾಲಿ ಮಾಡಿದ.

ಹೊರಡುವ ಹಿಂದಿನ ದಿನ ತರಕಾರಿ ತರಲು ಮಗಳು ಅಳಿಯನ ಜೊತೆ ಹೊಲಿಗೆಯಮ್ಮ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತರು. ವ್ಯಾನು ಒಮ್ಮೆಯೂ ಕೆಮ್ಮಲಿಲ್ಲ. ನೂಲಿನ ಅಂಗಡಿಯ ಮುಂದೆ ಅವರು ಇಳಿದದ್ದೇ ತಡ, ಎಂಜಿನ್ ನಿಂತಿತು. ಹತ್ತಿದರು, ಓಡಿತು. ಇಳಿಸಿ ನೋಡಿದರು, ನಿಂತಿತು.

“ಅಮ್ಮನ ಕಾಲ್ಗುಣ ಕಣ್ರೀ” ಎಂದಳು ಮಗಳು.

“ಹಾಗಾದ್ರೆ ನೀವು ಬರಲೇಬೇಕು ಅತ್ತೆ.”

“ನೋಡೋಣ, ಅಂಗಡಿ ಕೆಲಸ ಬೇಕಾದಷ್ಟಿದೆ” ಎಂದರು ಹೊಲಿಗೆಯಮ್ಮ. ಕಾಲು ಮಾತ್ರ ನೆಲದ ಮೇಲಿರಲಿಲ್ಲ.

ಸಂಜೆ ಆ ಸೀಟಿನ ಹರಿದ ಬಟ್ಟೆಗೆ ನಾಲ್ಕು ಹೊಲಿಗೆ ಹಾಕೋಣವೆಂದು ಹಲಗೆ ಎತ್ತಿದರು. ಅಡಿಯಲ್ಲಿ ಅದೇ ಪೆಟ್ರೋಲಿನ ಲೆಕ್ಕ ಹೇಳುವ ಡಬ್ಬಿ. ವಯರಿನ ಪ್ಲಗ್ಗು ಸಡಿಲವಾಗಿ ಜೋಲುತ್ತಿತ್ತು. ಹಲಗೆಯನ್ನು ಅದುಮಿದರೆ ಕೂರುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ಗುಣ ಕಾಲಿನದಲ್ಲ, ಬೇರೆ ಕಡೆಯದು ಎಂದು ಅವರಿಗೆ ಅರ್ಥವಾಯಿತು.

ಹಲಗೆ ಮುಚ್ಚಿ ಬಾಯಿಗೂ ಬೀಗ ಹಾಕಿದರು. ಆದರೆ ಜೀವಮಾನದಲ್ಲಿ ಒಂದು ಸಡಿಲ ಗುಂಡಿಯನ್ನು ಕಂಡೂ ಸುಮ್ಮನಿದ್ದವರಲ್ಲ. ತಾವು ಕೈಕಾಲು ಆಡಿಸಲು ಇಳಿದಾಗ, ಮಗಳಿರುವ ವ್ಯಾನು ನಡುರಸ್ತೆಯಲ್ಲಿ ನಿಂತು ಹಿಂದಿನಿಂದ ಲಾರಿ ಬಂದರೆ? ಊಟ ಸೇರಲಿಲ್ಲ.

ಬೆಳಿಗ್ಗೆ ಅಳಿಯನನ್ನು ಕರೆದು ಹಲಗೆ ಎತ್ತಿದರು. “ಗಾಡಿಗೆ ಬೇಕಾಗಿರೋದು ನಾನಲ್ಲ. ಇದನ್ನ ಗಟ್ಟಿಯಾಗಿ ಒತ್ತಿ.”

ಒತ್ತಿದ. ಟಕ್ಕೆಂದಿತು. ಒಬ್ಬನೇ ಬೀದಿ ಸುತ್ತಿ ಬಂದ, ಕೆಮ್ಮಿಲ್ಲ, ದಮ್ಮಿಲ್ಲ.

“ಸರಿ, ಹುಷಾರಾಗಿ ಹೋಗ್ಬನ್ನಿ” ಎಂದು ಹೊಲಿಗೆಯಮ್ಮ ಮನೆಯ ಕಡೆ ತಿರುಗಿದರು.

ಅಳಿಯ ಕಿಟಕಿಯಿಂದ ತಲೆ ಹೊರಹಾಕಿದ. “ಎಲ್ಲಿಗೆ ಹೋಗೋದು ಅತ್ತೆ? ನೀವು ಕೂರ್ದೆ ಇದು ಸ್ಟಾರ್ಟೇ ಆಗ್ತಿಲ್ಲ.”

“ಓಡ್ತಾ ಇದೆಯಲ್ರೀ ಎಂಜಿನ್ನು, ಕೇಳಿಸ್ತಿಲ್ವಾ?” ಎಂದರು ಹೊಲಿಗೆಯಮ್ಮ.

“ನಂಗೇನೂ ಕೇಳಿಸ್ತಿಲ್ಲ. ಹೋಗಿ ಬ್ಯಾಗು ತುಂಬ್ಕೊಂಡು ಬನ್ನಿ, ಕಾಯ್ತೀವಿ.”

ಹೊಲಿಗೆಯಮ್ಮ ಹೋದ ಕಾಲಲ್ಲೇ ಬ್ಯಾಗು ಹಿಡಿದು ಬಂದರು.

“ಯಾವಾಗಮ್ಮ ತುಂಬಿದ್ದು ಇದನ್ನ?” ಎಂದು ಮಗಳು ಕೇಳಿದಳು.

“ಗಾಡಿ ಮನೆಗೆ ಬಂದ ದಿನ” ಎಂದು ಹೊಲಿಗೆಯಮ್ಮ ವ್ಯಾನು ಹತ್ತಿದರು.